ಜಮಖಾನ, ಧೋತರ, ಸೀರೆಗಳ ಕಲೆ ತೆಗೆಯಲು ಮನೆಯಲ್ಲೇ ಮಾಡುವ ಅಗ್ಗದ ದ್ರಾವಣಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಬಟ್ಟೆಗೆ ಹತ್ತುವ ಕಲೆಗಳಲ್ಲಿ ಹೆಚ್ಚಿನವು ಕೆಲವೇ ಬಗೆಯವು. ಎರೆಮಣ್ಣು, ಕುಸುಬಿ ಎಣ್ಣೆ, ಅರಿಶಿನ, ಕುಂಕುಮ, ಚಹಾ, ದಾಳಿಂಬೆ, ಎಳನೀರು, ದೀಪದ ಎಣ್ಣೆ ಮತ್ತು ಕೊಳವೆಬಾವಿ ನೀರಿನ ತುಕ್ಕು. ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲಿ ಅಥವಾ ಊರ ಕಿರಾಣಿ ಅಂಗಡಿಯಲ್ಲಿ ಸಿಗುವ ಅಂಟುವಾಳಕಾಯಿ, ಬಟ್ಟೆ ಸೋಡಾ, ಅಡುಗೆ ಸೋಡಾ, ಲಿಂಬೆಹಣ್ಣು ಮತ್ತು ಉಪ್ಪಿನಿಂದಲೇ ತೆಗೆಯಬಹುದು. ಆದರೆ ಒಂದು ಕಲೆಗೆ ಔಷಧವಾಗುವ ವಸ್ತು ಇನ್ನೊಂದು ಕಲೆಯನ್ನು ಬಟ್ಟೆಯಲ್ಲಿ ಶಾಶ್ವತವಾಗಿ ಕೂರಿಸಿಬಿಡುತ್ತದೆ. ಒಂದು ಬಗೆಯ ನೂಲಿಗೆ ಹಿತವಾದದ್ದು ಇನ್ನೊಂದನ್ನು ತಿಂದುಹಾಕುತ್ತದೆ. ಆದ್ದರಿಂದ ಕೈಗೆ ಸಿಕ್ಕಿದ್ದನ್ನು ಹಚ್ಚುವ ಮೊದಲು ಕಲೆ ಯಾವುದು, ನೂಲು ಯಾವುದು, ನೀರು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಇಲ್ಲಿ ಹೇಳಿದ ವಿಧಾನಗಳು ಮನೆಯ ಬಟ್ಟೆಗಳಿಗೂ, ಪೂಜೆಯ ಬಿಳಿ ವಸ್ತ್ರಗಳಿಗೂ, ಬಸದಿ ಮತ್ತು ಪ್ರವಚನ ಮಂದಿರಗಳಲ್ಲಿ ಹಾಸುವ ಜಮಖಾನ, ಕಾರ್ಪೆಟ್‌ಗಳಿಗೂ ಅನ್ವಯಿಸುತ್ತವೆ.

ಮೊದಲು ನೀರಿನ ವಿಚಾರ

ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಮೊದಲು ಈ ನಾಲ್ಕು ತಾಲ್ಲೂಕುಗಳಲ್ಲೇ ಸೇರಿದ್ದವು. ಈ ಸೀಮೆಯ ಬಹಳಷ್ಟು ಊರುಗಳ ಕೊಳವೆಬಾವಿ ನೀರು ಗಡಸು. ಡೋಣಿ ನದಿಯ ನೀರಂತೂ ಸವುಳೆಂದೇ ಹೆಸರಾದದ್ದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿರುತ್ತವೆ. ಸೋಪು ಇವುಗಳೊಂದಿಗೆ ಸೇರಿ ಮೊಸರಿನಂಥ ಬಿಳಿ ಗಸಿಯಾಗುತ್ತದೆ. ಆ ಗಸಿ ಬಟ್ಟೆಯ ಎಳೆಗಳಲ್ಲಿ ಕೂತು ಬಿಳಿ ಧೋತರವನ್ನು ವರ್ಷದೊಳಗೆ ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಕಲೆ ಹೋಗಲಿಲ್ಲವೆಂದು ಮತ್ತಷ್ಟು ಸೋಪು ಹಚ್ಚಿದರೆ ಗಸಿಯೂ ಮತ್ತಷ್ಟು ಹೆಚ್ಚುತ್ತದೆ.

ನೀರು ಗಡಸೋ ಮೆದುವೋ ಎಂದು ತಿಳಿಯುವುದು ಸುಲಭ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ನಾಲ್ಕೈದು ಚೂರು ಸೋಪು ಹಾಕಿ, ಮುಚ್ಚಿ ಚೆನ್ನಾಗಿ ಅಲ್ಲಾಡಿಸಬೇಕು. ನೊರೆ ಬಹಳವಾಗಿ ನಿಂತರೆ ನೀರು ಮೆದು. ನೊರೆ ಕಡಿಮೆಯಾಗಿ, ನೀರು ಕದಡಿ, ಮೇಲೆ ಗಸಿ ತೇಲಿದರೆ ಗಡಸು.

ಗಡಸು ನೀರನ್ನು ಹತ್ತಿ ಬಟ್ಟೆಗೆ ಹದಗೊಳಿಸಲು ಅರ್ಧ ಬಕೆಟ್ ನೀರಿಗೆ (ಸುಮಾರು 8 ಲೀಟರ್) ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಕರಗಿಸಿ ಅರ್ಧ ಗಂಟೆ ಬಿಡಬೇಕು. ಸುಣ್ಣದ ಅಂಶ ಬಿಳಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರನ್ನು ಬಸಿದು ಬಳಸಬೇಕು. ಹಿಂದಿನ ಕಾಲದಲ್ಲಿ ಅಗಸರು ಚೌಳುಮಣ್ಣು ಬಳಸುತ್ತಿದ್ದುದರ ಗುಟ್ಟೂ ಇದೇ. ಆ ಮಣ್ಣಿನಲ್ಲಿ ಸಹಜವಾಗಿಯೇ ಸೋಡಾ ಇರುತ್ತದೆ.

ರೇಷ್ಮೆ ಮತ್ತು ಉಣ್ಣೆಗೆ ಸೋಡಾ ಕೂಡದು. ಅವುಗಳಿಗೆ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಮಳೆನೀರು ಇಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರೂ ಆಗುತ್ತದೆ. ಒಂದು ಕಲೆ ತೆಗೆಯಲು ಒಂದೆರಡು ಲೀಟರ್‌ಗಿಂತ ಹೆಚ್ಚು ಬೇಕಾಗುವುದಿಲ್ಲ.

ನೂಲು ಗುರುತಿಸುವ ಬಗೆ

ಬಟ್ಟೆಯ ಅಂಚಿನ ಒಳಮಡಿಕೆಯಿಂದ ಒಂದು ಎಳೆ ತೆಗೆದು, ಚಿಮಟದಲ್ಲಿ ಹಿಡಿದು ಉರಿಗೆ ತಾಗಿಸಿದರೆ ನೂಲಿನ ಜಾತಿ ಗೊತ್ತಾಗುತ್ತದೆ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್, ನೈಲಾನ್, ಪಾಲಿಪ್ರೊಪಿಲೀನ್ ಮುಂತಾದ ಕೃತಕ ನೂಲು ಕರಗಿ ಗುಂಡಗೆ ಗಟ್ಟಿಯಾಗುತ್ತದೆ.

ಈ ಪರೀಕ್ಷೆಯ ಬೆಲೆ ಇಳಕಲ್ ಸೀರೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದಾಗಿರಬಹುದು, ಆದರೆ ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ. ಒಡಲು ತಡೆದುಕೊಳ್ಳುವ ಸೋಡಾ ನೀರನ್ನು ಸೆರಗು ತಡೆಯುವುದಿಲ್ಲ. ಸೆರಗಿನ ಕೆಂಪು ಬಣ್ಣ ಬಿಟ್ಟು ಒಡಲಿಗೆ ಹತ್ತುವ ಅಪಾಯವೂ ಇದೆ. ಹಾಗಾಗಿ ಇಡೀ ಸೀರೆ ನೆನೆಹಾಕದೆ, ಕಲೆಯಾದ ಭಾಗವನ್ನಷ್ಟೇ ಹಿಡಿದು ತೊಳೆಯಬೇಕು. ಅಹಿಂಸೆಯ ಕಾರಣಕ್ಕೆ ರೇಷ್ಮೆ ಕೊಳ್ಳುವುದನ್ನು ಬಿಟ್ಟ ಮನೆಗಳಲ್ಲೂ ಅಜ್ಜಿ, ತಾಯಿಯ ಕಾಲದ ಸೀರೆಗಳು ಇದ್ದೇ ಇರುತ್ತವೆ. ಒಮ್ಮೆ ಕೆಟ್ಟರೆ ಅವು ಮತ್ತೆ ಸಿಗುವಂಥವಲ್ಲ.

ಯಾವ ದ್ರಾವಣವನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ ನೋಡಬೇಕು. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ದ್ರಾವಣ ಬಿಟ್ಟುಬಿಡಬೇಕು.

ಮನೆಯಲ್ಲಿ ಮಾಡಿಕೊಳ್ಳುವ ಐದು ಸಾಧನಗಳು

1. ಅಂಟುವಾಳದ ರಸ. ಬೀಜ ತೆಗೆದ ಅಂಟುವಾಳದ ಸಿಪ್ಪೆ 50 ಗ್ರಾಂ ತೆಗೆದುಕೊಳ್ಳಬೇಕು (ಅಂಗಡಿಯಲ್ಲಿ ರೀಠಾ ಎಂದೂ ಕೇಳಬಹುದು). ಅರ್ಧ ಲೀಟರ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಿಸಿ, ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಬೇಕು. ಆರಿದ ಮೇಲೆ ಕಿವುಚಿ, ಎರಡು ಪದರ ಬಟ್ಟೆಯಲ್ಲಿ ಸೋಸಬೇಕು. ಅಂಟುವಾಳದಲ್ಲಿರುವ ಸ್ಯಾಪೊನಿನ್ ಎಂಬ ಅಂಶ ಎಣ್ಣೆ, ಕೊಳೆಯನ್ನು ಎಬ್ಬಿಸುತ್ತದೆ. ಸೋಪಿನಂತೆ ಗಡಸು ನೀರಿನಲ್ಲಿ ಇದು ಗಸಿಯಾಗುವುದಿಲ್ಲ. ಹತ್ತಿ, ರೇಷ್ಮೆ, ಉಣ್ಣೆ ಮೂರಕ್ಕೂ ಹಿತ. ರಸಕ್ಕೆ ತಿಳಿಗಂದು ಬಣ್ಣವಿರುವುದರಿಂದ ಅಚ್ಚಬಿಳಿ ಬಟ್ಟೆಗೆ ನೀರು ಬೆರೆಸಿ ತೆಳುವಾಗಿಸಿ ಬಳಸಬೇಕು. ಈ ರಸ ಬೇಗ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಬೇಕಾದಷ್ಟನ್ನೇ ಅಂದಂದು ಮಾಡಿಕೊಳ್ಳುವುದು ಸರಿ. ನೀರಿನ ಮರ್ಯಾದೆ ಪಾಲಿಸುವ ಮನೆಗಳಿಗೂ ಇದೇ ಕ್ರಮ ಹೊಂದುತ್ತದೆ.

2. ಸೋಡಾ ನೀರು. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ. ಬಿಳಿ ಹತ್ತಿ ಬಟ್ಟೆಯ ಎಣ್ಣೆ, ಜಿಡ್ಡು, ಕಾಲರಿನ ಕೊಳೆಗೆ ಒಳ್ಳೆಯದು. ರೇಷ್ಮೆ, ಉಣ್ಣೆ, ಅರಿಶಿನ, ಚಹಾ, ದಾಳಿಂಬೆಗೆ ಕೂಡದು. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ, ಹಾಗಾಗಿ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಬಳಸಬೇಕು. ಕೈಗೆ ಗ್ಲೌಸ್ ಇರಲಿ.

3. ಲಿಂಬೆ ರಸ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಈ ಭಾಗದ ಮನೆಗಳಲ್ಲಿ ಲಿಂಬೆಗೆ ಬರವಿಲ್ಲ. ಒಂದು ಹಣ್ಣಿನ ರಸವನ್ನು ಸೋಸಿ ಅಷ್ಟೇ ನೀರು ಬೆರೆಸಿದರೆ ತುಕ್ಕು, ಚಹಾ, ಹಣ್ಣಿನ ಕಲೆಗಳಿಗೆ ಬೇಕಾದ ಹುಳಿ ಸಿದ್ಧವಾಗುತ್ತದೆ. ಹಣ್ಣು ತುಟ್ಟಿಯಾದ ದಿನಗಳಲ್ಲಿ ಒಂದು ಬಟ್ಟಲು ನೀರಿಗೆ ಒಂದು ಸಣ್ಣ ಚಮಚ ಸಿಟ್ರಿಕ್ ಆಮ್ಲದ ಪುಡಿ ಸಾಕು. ಬಹಳಷ್ಟು ಮನೆ ಸಲಹೆಗಳಲ್ಲಿ ವಿನೆಗರ್ ಹೇಳಿರುತ್ತಾರೆ. ಹುದುಗಿಸಿದ ಪದಾರ್ಥವೆಂದು ಅದನ್ನು ಮನೆಗೆ ತರದವರು ಅದರ ಜಾಗದಲ್ಲಿ ಲಿಂಬೆ ಬಳಸಬಹುದು, ಕೆಲಸ ಒಂದೇ.

4. ಒಣ ಪುಡಿ. ಎಣ್ಣೆ ಹೀರಲು ಅಡುಗೆ ಸೋಡಾ, ಮುಲ್ತಾನಿ ಮಿಟ್ಟಿ ಅಥವಾ ಸೀಮೆಸುಣ್ಣದ ಪುಡಿ ಬಳಸಬಹುದು. ತಿಳಿಬಣ್ಣದ ಹಾಸಿಗೆ ಮುಲ್ತಾನಿ ಮಿಟ್ಟಿಯ ಬಣ್ಣ ಹತ್ತಬಹುದು, ಅಲ್ಲಿ ಅಡುಗೆ ಸೋಡಾ ಸರಿ. ಕಡಲೆಹಿಟ್ಟು, ಜೋಳದ ಹಿಟ್ಟೂ ಎಣ್ಣೆ ಹೀರುತ್ತವೆ ನಿಜ. ಆದರೆ ಜಮಖಾನದ ಎಳೆಗಳಲ್ಲಿ ಉಳಿದ ಹಿಟ್ಟಿಗೆ ಇರುವೆ, ನುಸಿ ಬರುತ್ತವೆ. ಆಮೇಲೆ ಅವನ್ನು ತೆಗೆಯುವ ಪ್ರಸಂಗ ಬರುವುದಕ್ಕಿಂತ ಮೊದಲೇ ಹಿಟ್ಟು ಬಿಡುವುದು ಮೇಲು.

5. ಹೈಡ್ರೋಜನ್ ಪೆರಾಕ್ಸೈಡ್. ಔಷಧ ಅಂಗಡಿಯಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ 6% ಅಥವಾ 20 ವಾಲ್ಯೂಮ್ ಎಂದಿದ್ದರೆ ಸಮಪಾಲು ನೀರು ಬೆರೆಸಿದಾಗ 3% ಆಗುತ್ತದೆ. ಇದು ಬಿಳಿ ಹತ್ತಿ ಬಟ್ಟೆಯ ಹಠಮಾರಿ ಕಲೆಗಳಿಗೆ ಕೊನೆಯ ಉಪಾಯ. ಬಣ್ಣದ ಬಟ್ಟೆಗೆ ಕೂಡದು. ಬೆರೆಸಿದ್ದು ಉಳಿದರೆ ಮುಚ್ಚಿಡಬಾರದು. ಅದರಿಂದ ಆಮ್ಲಜನಕ ಬಿಡುಗಡೆಯಾಗುತ್ತಿರುವುದರಿಂದ ಬಿಗಿಯಾಗಿ ಮುಚ್ಚಿದ ಬಾಟಲಿ ಉಬ್ಬಿ ಒಡೆಯಬಹುದು.

ಎಲ್ಲ ಕಲೆಗೂ ಅನ್ವಯಿಸುವ ಕ್ರಮ

ಚೆಲ್ಲಿದ್ದರಲ್ಲಿ ಗಟ್ಟಿಯಾದದ್ದನ್ನು ಮೊದಲು ಚಮಚದ ಹಿಂಬದಿಯಿಂದ ಎತ್ತಬೇಕು. ದ್ರವವನ್ನು ಒಣ ಹತ್ತಿ ಬಟ್ಟೆಯಿಂದ ಒತ್ತಿ ಹೀರಿಸಬೇಕು, ಉಜ್ಜಬಾರದು. ಉಜ್ಜಿದರೆ ಕಲೆ ಅಗಲವಾಗುತ್ತದೆ, ಆಳಕ್ಕೆ ಇಳಿಯುತ್ತದೆ, ಎಳೆ ಏಳುತ್ತದೆ. ದ್ರಾವಣವನ್ನು ಕಲೆಯ ಅಂಚಿನಿಂದ ನಡುವಿಗೆ ಹಚ್ಚುತ್ತ ಬರಬೇಕು. ಬಟ್ಟೆಯಾದರೆ ಕಲೆಯ ಕೆಳಗೆ ಮಡಿಸಿದ ಹಳೆಯ ಬಟ್ಟೆ ಇಟ್ಟು, ಹಿಂಬದಿಯಿಂದ ಹಚ್ಚಿದರೆ ಕಲೆ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ತೊಳೆದು ನೋಡಬೇಕು. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಹಾಕಬಾರದು. ಇಸ್ತ್ರಿಯ ಕಾವು ಉಳಿದ ಕಲೆಯನ್ನು ಗಟ್ಟಿ ಮಾಡುತ್ತದೆ.

ಒಂದೊಂದು ಕಲೆಗೆ ಒಂದೊಂದು ದಾರಿ

ಎರೆಮಣ್ಣು. ಎರೆಮಣ್ಣು ನೀರು ಕುಡಿದರೆ ಉಬ್ಬಿ ಜಿಗುಟಾಗುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹೊಲದಲ್ಲಿ ಕಾಣುವ ಈ ಗುಣ ಬಟ್ಟೆಯ ಮೇಲೂ ಹಾಗೆಯೇ ಇರುತ್ತದೆ. ಹಸಿ ಕೆಸರಿಗೆ ನೀರು ಹಾಕಿ ಉಜ್ಜಿದರೆ ಸಣ್ಣ ಕಣಗಳು ಎಳೆಯೊಳಗೆ ಹೋಗುತ್ತವೆ. ಪೂರ್ತಿ ಒಣಗಲು ಬಿಟ್ಟು, ಬಡಿದು, ಮೆದು ಬ್ರಷ್‌ನಿಂದ ಉದುರಿಸಿದ ಮೇಲೆಯೇ ಅಂಟುವಾಳದ ರಸ ಹಾಕಬೇಕು.

ಕುಸುಬಿ ಎಣ್ಣೆ, ತುಪ್ಪ, ದೀಪದ ಎಣ್ಣೆ. ಕುಸುಬಿ ಮತ್ತು ಅಗಸಿ ಎಣ್ಣೆಗಳು ಗಾಳಿಗೆ ತೆರೆದಿದ್ದರೆ ದಿನಗಳೆದಂತೆ ಹಳದಿಯಾಗಿ ಅಂಟಂಟಾಗಿ ಗಟ್ಟಿಯಾಗುತ್ತವೆ. ಹೀಗಾಗಿ ಇವುಗಳ ಕಲೆಯನ್ನು ಅದೇ ದಿನ ತೆಗೆಯಬೇಕು. ಒಣ ಪುಡಿ ದಪ್ಪವಾಗಿ ಹಾಕಿ ಒಂದು ಗಂಟೆ ಬಿಟ್ಟು ಜಾಡಿಸಬೇಕು. ಬಳಿಕ ಬೆಚ್ಚಗಿನ ಅಂಟುವಾಳದ ರಸ ಹಚ್ಚಬೇಕು. ಬಿಳಿ ಹತ್ತಿಯಾದರೆ ಸೋಡಾ ನೀರಿನಲ್ಲಿ ಅರ್ಧ ಗಂಟೆ ನೆನೆಯಿಸಬಹುದು. ಈ ಎಣ್ಣೆಗಳಲ್ಲಿ, ಮುಖ್ಯವಾಗಿ ಅಗಸಿ ಎಣ್ಣೆಯಲ್ಲಿ, ನೆನೆದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಳಗೇ ಕಾವು ಹುಟ್ಟಿ ತಾನಾಗಿ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ಬಿಡಿಸಿ ಹರಡಬೇಕು ಅಥವಾ ಕೂಡಲೇ ಒಗೆಯಬೇಕು.

ಅರಿಶಿನ. ಅರಿಶಿನದ ಬಣ್ಣ ಸೋಪು, ಸೋಡಾ ತಾಗಿದ ಕೂಡಲೇ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದಾಗ ಕೆಂಪಾಗುವುದೂ ಇದೇ ಗುಣದಿಂದ. ಹೀಗೆ ಕೆಂಪಾದರೆ ಗಾಬರಿ ಬೇಡ, ಲಿಂಬೆ ರಸ ಹಾಕಿದರೆ ಮತ್ತೆ ಹಳದಿಯಾಗುತ್ತದೆ. ತಣ್ಣೀರಿನಲ್ಲಿ ತೊಳೆದು, ಅಂಟುವಾಳದ ರಸ ಹಚ್ಚಿ ಜಾಲಿಸಿ, ಒದ್ದೆಯಾಗಿರುವಾಗಲೇ ಬಿಸಿಲಿಗೆ ಹಾಕಬೇಕು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಎರಡು ಮೂರು ದಿನ ಹೀಗೆ ಮಾಡಿದರೆ ಬಿಳಿ ಬಟ್ಟೆಯ ಕಲೆ ಬಹುತೇಕ ಮಾಯವಾಗುತ್ತದೆ. ಇದಕ್ಕೆ ದುಡ್ಡಿನ ಖರ್ಚೇ ಇಲ್ಲ.

ಕುಂಕುಮ. ಒಣಗಿರುವಾಗಲೇ ಜಾಡಿಸಬೇಕು. ನೀರು ತಾಗಿದರೆ ಅಂಗಡಿ ಕುಂಕುಮದ ಕೃತಕ ಬಣ್ಣ ಹರಡುತ್ತದೆ. ಉಳಿದದ್ದಕ್ಕೆ ತಣ್ಣಗಿನ ಅಂಟುವಾಳದ ರಸ ಹಾಕಿ ಒತ್ತಿ ತೆಗೆಯಬೇಕು.

ಚಹಾ, ದಾಳಿಂಬೆ. ಇವುಗಳಲ್ಲಿ ಒಗರಿನ ಅಂಶವಾದ ಟ್ಯಾನಿನ್ ಇರುತ್ತದೆ. ದಾಳಿಂಬೆ ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ, ಅದರಲ್ಲಿ ಕಬ್ಬಿಣ ಸೇರಿಸಿದರೆ ಬಣ್ಣ ಕಪ್ಪಾಗುತ್ತದೆ. ಹಾಗಾಗಿ ಇಂಥ ಕಲೆಯ ಬಟ್ಟೆಯನ್ನು ಕಬ್ಬಿಣದ ಬಕೆಟ್‌ನಲ್ಲಿ ನೆನೆಹಾಕಬಾರದು, ಸೋಡಾ ಹಾಗೂ ಬಟ್ಟೆ ಸೋಪನ್ನು ನೇರವಾಗಿ ಹಚ್ಚಬಾರದು. ತಣ್ಣೀರು, ಆಮೇಲೆ ಲಿಂಬೆ ರಸ, ಕೊನೆಗೆ ಅಂಟುವಾಳ, ಇದೇ ಕ್ರಮ. ಹಾಲು ಹಾಕಿದ ಚಹಾ ಆದರೆ ಮೊದಲ ತಣ್ಣೀರಿನ ತೊಳೆತ ಧಾರಾಳವಾಗಿರಬೇಕು. ಬಿಳಿ ಹತ್ತಿಯಲ್ಲಿ ಹಳೆಯದಾಗಿದ್ದರೆ 3% ಪೆರಾಕ್ಸೈಡ್ ಹಾಕಿ 20 ನಿಮಿಷ ಬಿಟ್ಟು ತೊಳೆಯಬಹುದು.

ಹಾಲು, ಮೊಸರು, ರಕ್ತ. ಬಿಸಿನೀರು ಹಾಕಲೇಬಾರದು. ಕಾದ ಹಾಲು ಒಡೆದಂತೆ ಇವುಗಳ ಪ್ರೋಟೀನು ಎಳೆಯಲ್ಲೇ ಹೆಪ್ಪುಗಟ್ಟುತ್ತದೆ. ತಣ್ಣೀರಿಗೆ ಒಂದು ಚಮಚ ಉಪ್ಪು ಹಾಕಿ ನೆನೆಯಿಸಿ, ನಂತರ ಅಂಟುವಾಳದಿಂದ ತೊಳೆಯಬೇಕು.

ತುಕ್ಕು. ಕೊಳವೆಬಾವಿಯ ಕಬ್ಬಿಣದ ಪೈಪು, ಹಳೆಯ ಟ್ರಂಕು, ಒಣಹಾಕುವ ತಂತಿಯಿಂದ ಹತ್ತುತ್ತದೆ. ಲಿಂಬೆ ರಸಕ್ಕೆ ಸ್ವಲ್ಪ ಉಪ್ಪು ಬೆರೆಸಿ ಹಚ್ಚಿ, ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ತೊಳೆಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಹಚ್ಚಬೇಕು. ತುಕ್ಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಲೆ ಇನ್ನೂ ಗಾಢವಾಗುತ್ತದೆ.

ಮೇಣ. ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ, ಒಡೆದು ತೆಗೆಯಬೇಕು. ಉಳಿದದ್ದಕ್ಕೆ ಮೇಲೂ ಕೆಳಗೂ ಅಚ್ಚಿಲ್ಲದ ಕಾಗದ ಇಟ್ಟು ಸಾಧಾರಣ ಬಿಸಿ ಇಸ್ತ್ರಿ ಒತ್ತಿದರೆ ಕಾಗದ ಮೇಣ ಹೀರುತ್ತದೆ. ಇದು ಹತ್ತಿಗೆ ಮಾತ್ರ. ಕೃತಕ ನೂಲಿನ ಕಾರ್ಪೆಟ್ ಇಸ್ತ್ರಿಗೆ ಕರಗಿಬಿಡುತ್ತದೆ.

ಪೂಜೆಯ ವಸ್ತ್ರಗಳು

ಅಭಿಷೇಕದ ದಿನ ಬಿಳಿ ಧೋತರ, ಉತ್ತರೀಯಗಳ ಮೇಲೆ ಎಳನೀರು, ಕಬ್ಬಿನ ಹಾಲು, ಹಾಲು, ಅರಿಶಿನ, ಕಷಾಯ, ಶ್ರೀಗಂಧ, ಕೇಸರಿ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಇವುಗಳಲ್ಲಿ ಕಣ್ಣಿಗೆ ಕಾಣುವ ಅರಿಶಿನಕ್ಕಿಂತ ಕಾಣದ ಎಳನೀರು ಮತ್ತು ಕಬ್ಬಿನ ಹಾಲು ಹೆಚ್ಚು ತೊಂದರೆ ಕೊಡುತ್ತವೆ. ಎಳನೀರು ಒಣಗಿದ ಮೇಲೆ ಕಂದು ಕಲೆಯಾಗುತ್ತದೆ. ಕಬ್ಬಿನ ಹಾಲಿನ ಸಕ್ಕರೆ ಇಸ್ತ್ರಿಯ ಕಾವಿಗೆ ಕಂದಾಗುತ್ತದೆ. ಮಡಿಸಿಟ್ಟ ಶುಭ್ರ ಧೋತರದಲ್ಲಿ ಮುಂದಿನ ಪರ್ವದ ಹೊತ್ತಿಗೆ ಹೊಸ ಕಲೆ ಕಾಣಿಸುವುದಕ್ಕೆ ಇದೇ ಕಾರಣ.

ಆದ್ದರಿಂದ ಪೂಜೆ ಮುಗಿದ ಕೂಡಲೇ, ಒಣಗುವ ಮೊದಲು, ಕಲೆ ಇರಲಿ ಇಲ್ಲದಿರಲಿ, ಇಡೀ ವಸ್ತ್ರವನ್ನು ಎರಡು ಸಲ ಬರಿ ತಣ್ಣೀರಿನಲ್ಲಿ ಜಾಲಿಸಬೇಕು. ಹಾಲು, ಸಕ್ಕರೆ, ಎಳನೀರು, ಕೇಸರಿ ಬಹುಪಾಲು ಇಷ್ಟರಲ್ಲೇ ಹೋಗುತ್ತವೆ. ನಂತರ ಅಂಟುವಾಳದ ತೆಳು ರಸ, ಆಮೇಲೆ ಬಿಸಿಲು. ಎಲ್ಲ ಕಲೆ ಹೋದ ಮೇಲಷ್ಟೇ ಬೇಕಿದ್ದರೆ ಸೋಡಾ ನೀರು. ಮೊದಲೇ ಸೋಡಾಕ್ಕೆ ಹಾಕಿದರೆ ಅರಿಶಿನ ಕೆಂಪಾಗುತ್ತದೆ, ಕಷಾಯದ ಒಗರು ಕೂತುಕೊಳ್ಳುತ್ತದೆ.

ಜಮಖಾನ ಮತ್ತು ಕಾರ್ಪೆಟ್

ಉತ್ತರ ಕರ್ನಾಟಕದ ಜಮಖಾನಗಳಲ್ಲಿ ಹೆಸರಾದದ್ದು ಧಾರವಾಡ ಜಿಲ್ಲೆಯ ನವಲಗುಂದದ್ದು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರ ಕಡೆಯಿಂದ ಹೋಗಿ ನೆಲೆಸಿದ ನೇಕಾರರು ಅಲ್ಲಿ ಈ ಕಸುಬು ಬೆಳೆಸಿದರೆಂಬ ಪ್ರತೀತಿ ಇದೆ. ಇವು ಹತ್ತಿಯವು, ಬಣ್ಣದ ನಮೂನೆಯವು. ಈಗ ಬಹಳಷ್ಟು ಸಭಾಮಂದಿರಗಳಲ್ಲಿ ಹಾಸುವುದು ಕೃತಕ ನೂಲಿನ ಕಾರ್ಪೆಟ್. ಎರಡನ್ನೂ ಬಟ್ಟೆಯಂತೆ ನೆನೆಹಾಕಿ ಹಿಂಡಲಾಗುವುದಿಲ್ಲ ಎಂಬುದೇ ಮುಖ್ಯ ತೊಡಕು.

ಜಮಖಾನವನ್ನು ಮೊದಲು ಹಗ್ಗದ ಮೇಲೆ ಹಾಕಿ ಬಡಿದು ಧೂಳು ತೆಗೆಯಬೇಕು. ಧೂಳಿರುವಾಗ ನೀರು ತಾಗಿದರೆ ಅದೇ ಹೊಸ ಕಲೆಯಾಗುತ್ತದೆ. ಅಂಟುವಾಳದ ರಸವನ್ನು ಬಟ್ಟಲಿನಲ್ಲಿ ಕಡೆದು ನೊರೆ ಎಬ್ಬಿಸಿ, ನೊರೆಯನ್ನು ಮಾತ್ರ ಕಲೆಯ ಮೇಲೆ ಹಚ್ಚಬೇಕು. ಹೀಗೆ ಮಾಡಿದರೆ ನೀರು ಒಳಗಿಳಿಯುವುದಿಲ್ಲ. ಐದು ನಿಮಿಷದ ನಂತರ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಕೊನೆಗೆ ಒಣ ಬಟ್ಟೆಯಿಂದ ಒತ್ತಬೇಕು. ಹಿಂಬದಿಗೆ ಸೆಣಬು ಅಂಟಿಸಿದ ಕಾರ್ಪೆಟ್‌ಗೆ ನೀರು ಹೆಚ್ಚಾದರೆ ಸೆಣಬಿನ ಕಂದು ಬಣ್ಣ ಮೇಲೇರಿ ಬರುತ್ತದೆ. ಕಲೆ ತೆಗೆಯಲು ಹೋಗಿ ದೊಡ್ಡ ಕಲೆ ಮಾಡಿದಂತಾಗುತ್ತದೆ.

ಕಾರ್ಪೆಟ್ ವಾಸನೆ ಬರುತ್ತಿದ್ದರೆ ರಾತ್ರಿ ಅಡುಗೆ ಸೋಡಾ ತೆಳುವಾಗಿ ಉದುರಿಸಿ, ಬೆಳಗ್ಗೆ ಜಾಡಿಸಬೇಕು ಅಥವಾ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬೇಕು.

ಒಣಗಿಸುವುದು ತೊಳೆಯುವಷ್ಟೇ ಮುಖ್ಯ. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲಿಗೆ ಜಮಖಾನ ಬೇಗ ಒಣಗುತ್ತದೆ, ಆದರೆ ಬಣ್ಣ ಮಾಸುತ್ತದೆ. ಆದ್ದರಿಂದ ಮಗ್ಗುಲು ತಿರುಗಿಸಿ ಹಿಂಬದಿಯನ್ನು ಬಿಸಿಲಿಗೆ ಒಡ್ಡಬೇಕು. ಕಷ್ಟ ಬರುವುದು ಚಾತುರ್ಮಾಸದಲ್ಲಿ. ಪ್ರವಚನ ಮಂದಿರಗಳಲ್ಲಿ ಜನ ಹೆಚ್ಚು ಸೇರುವುದು ಆಗಲೇ, ಮಳೆ ಬರುವುದೂ ಆಗಲೇ. ಒದ್ದೆ ಹಾಸನ್ನು ಸುತ್ತಿಟ್ಟರೆ ಬೂಸ್ಟು ಹುಟ್ಟುತ್ತದೆ, ಸಣ್ಣ ಜೀವಿಗಳು ಸೇರುತ್ತವೆ. ಬಳಿಕ ತೊಳೆಯುವುದೆಂದರೆ ಅವುಗಳ ಹಾನಿಯೇ. ಜೀವೋತ್ಪತ್ತಿಯಾಗದಂತೆ ನೋಡಿಕೊಳ್ಳುವುದು ಹುಟ್ಟಿದ ಮೇಲೆ ಯೋಚಿಸುವುದಕ್ಕಿಂತ ಉತ್ತಮ. ಮಳೆಗಾಲದಲ್ಲಿ ಕಲೆಯಾದ ಭಾಗಕ್ಕಷ್ಟೇ ನೊರೆ ಹಚ್ಚಿ, ಕೆಳಗೆ ಎರಡು ಕಟ್ಟಿಗೆ ಕೊಟ್ಟು ಎತ್ತಿ, ಫ್ಯಾನಿನ ಗಾಳಿಗೆ ಅಂದೇ ಒಣಗಿಸಬೇಕು. ಇಡೀ ಹಾಸನ್ನು ತೊಳೆಯುವುದನ್ನು ದೀಪಾವಳಿಯ ನಂತರಕ್ಕೆ ಇಡಬಹುದು. ಪೂರ್ತಿ ಒಣಗಿದ್ದನ್ನು ಒಣ ಬೇವಿನ ಎಲೆಗಳೊಂದಿಗೆ ಸುತ್ತಿಡಬೇಕು.

ಬೆರೆಸಬಾರದ ವಸ್ತುಗಳು

ಅಗ್ಗದ ಕಲೆನಿವಾರಕದ ಹೆಸರಿನಲ್ಲಿ ಆಗುವ ದೊಡ್ಡ ಅಪಾಯ ಬೆರೆಸುವುದರಿಂದ. ಬ್ಲೀಚಿಂಗ್ ಪೌಡರ್ ಅಥವಾ ದ್ರವ ಬ್ಲೀಚ್‌ಗೆ ಲಿಂಬೆ ರಸ, ಸಿಟ್ರಿಕ್ ಆಮ್ಲ, ವಿನೆಗರ್, ಶೌಚಾಲಯ ತೊಳೆಯುವ ಆಮ್ಲ ಯಾವುದು ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಪ್ರಾಣಕ್ಕೇ ಕುತ್ತು. ಅಮೋನಿಯಾ ಇರುವ ದ್ರಾವಣ ಅಥವಾ ಮಗುವಿನ ಮೂತ್ರದಲ್ಲಿ ತೊಯ್ದ ಬಟ್ಟೆಗೆ ಬ್ಲೀಚ್ ಹಾಕಿದರೂ ವಿಷಾನಿಲ ಬರುತ್ತದೆ. ಘಾಟು ಬಂದರೆ ಬಟ್ಟೆ ಬಿಟ್ಟು ಕೂಡಲೇ ಹೊರಗೆ ಬರಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಷ್ಮೆ ಮತ್ತು ಉಣ್ಣೆಯನ್ನಂತೂ ಬ್ಲೀಚ್ ಕರಗಿಸಿಯೇ ಬಿಡುತ್ತದೆ.

ಅಡುಗೆ ಸೋಡಾಕ್ಕೆ ಲಿಂಬೆ ಹಿಂಡಿ ಹಚ್ಚುವ ಸಲಹೆ ಬಹಳ ಪ್ರಚಾರದಲ್ಲಿದೆ. ಬುರುಬುರು ನೊರೆ ಬರುವುದರಿಂದ ಶಕ್ತಿ ಹೆಚ್ಚೆಂದು ತೋರುತ್ತದೆ. ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕಳೆದುಕೊಂಡು ಎರಡರ ಕೆಲಸವೂ ಬಹುಪಾಲು ಕೆಡುತ್ತದೆ. ಬೇಕಾದರೆ ಒಂದನ್ನು ಹಚ್ಚಿ, ತೊಳೆದು, ಆಮೇಲೆ ಇನ್ನೊಂದನ್ನು ಹಚ್ಚಬೇಕು. ಈ ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಟ್ಟರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಬಹುದು.

ಬಟ್ಟೆ ಸೋಡಾ ನೋಡಲು ಉಪ್ಪು, ಸಕ್ಕರೆಯಂತೆಯೇ ಇರುತ್ತದೆ. ಅಡುಗೆಮನೆಯ ಡಬ್ಬಿಗಳ ಜೊತೆ ಇಡಬಾರದು, ಹೆಸರು ಬರೆದು ಎತ್ತರದಲ್ಲಿ ಇಡಬೇಕು. ಯಾವ ದ್ರಾವಣವನ್ನೂ ಕುಡಿಯುವ ನೀರಿನ ಅಥವಾ ತಂಪುಪಾನೀಯದ ಬಾಟಲಿಯಲ್ಲಿ ತುಂಬಬಾರದು. ಕಣ್ಣಿಗೆ ಸಿಡಿದರೆ, ಅದು ಅಂಟುವಾಳದ ರಸವೇ ಆದರೂ, 15 ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಮಗು ಕುಡಿದಿದ್ದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಜೊತೆಗೆ ಒಯ್ದು ಆಸ್ಪತ್ರೆಗೆ ಕರೆದೊಯ್ಯಬೇಕು.

ಅಹಿಂಸೆಯ ದೃಷ್ಟಿಯಿಂದ

ಅಂಗಡಿಯ ಸೋಪು ಕೊಳ್ಳುವಾಗ ಪೊಟ್ಟಣದ ಮೇಲೆ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಆದದ್ದು. ಸೋಡಿಯಂ ಪಾಮೇಟ್ ಎಂದಿದ್ದರೆ ತಾಳೆ ಎಣ್ಣೆಯದು. ಹೊರದೇಶಗಳಲ್ಲಿ ಗಾಲ್ ಸೋಪ್ ಎಂದು ಮಾರುವ ಕಲೆನಿವಾರಕ ಸೋಪಿನಲ್ಲಿ ಸಾಂಪ್ರದಾಯಿಕವಾಗಿ ಎತ್ತಿನ ಪಿತ್ತರಸ ಇರುತ್ತದೆ. ಅಲ್ಲಿ ನೆಲೆಸಿರುವ ಮಕ್ಕಳು, ಬಂಧುಗಳು ಇದನ್ನು ತಿಳಿದಿರುವುದು ಒಳ್ಳೆಯದು. ಮನೆಯಲ್ಲೇ ಮಾಡಿದ ದ್ರಾವಣದಲ್ಲಿ ಏನಿದೆ ಎಂಬ ಸಂಶಯವೇ ಬರುವುದಿಲ್ಲ.

ಆದರೆ ಸಸ್ಯಜನ್ಯವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಅಂಟುವಾಳದ ಸ್ಯಾಪೊನಿನ್ ಮೀನುಗಳಿಗೆ ವಿಷ. ಅಂಟುವಾಳದ ಜಾತಿಯ ಕಾಯಿಗಳನ್ನು ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವೆಡೆ ಇತ್ತು. ಹಾಗಾಗಿ ಒಗೆದ ನೀರನ್ನು ಹಳ್ಳ, ಕೆರೆ, ಬಾವಿ, ಕಾಲುವೆಗೆ ಬಿಡಬಾರದು. ಭೀಮಾ, ಕೃಷ್ಣಾ, ಡೋಣಿ ದಂಡೆಯ ಊರುಗಳಲ್ಲಿ ಬಟ್ಟೆಯನ್ನು ನದಿಯಲ್ಲೇ ಅಂಟುವಾಳ ಹಚ್ಚಿ ಒಗೆಯುವುದೂ ಸರಿಯಲ್ಲ. ಬಚ್ಚಲ ಗುಂಡಿಗೆ ಅಥವಾ ಚರಂಡಿಗೆ ಬಿಡಬೇಕು. ಸೋಡಾ ನೀರನ್ನು ಹಿತ್ತಲ ಗಿಡಗಳಿಗೆ ಹಾಕಬಾರದು. ಸೋಡಿಯಂ ಹೆಚ್ಚಾದರೆ ಎರೆಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಸವುಳು ಭೂಮಿಯ ಕಷ್ಟ ಈ ಸೀಮೆಯ ರೈತರಿಗೆ ಹೊಸದಲ್ಲ. ಬಿಸಿ ದ್ರಾವಣ ಚೆಲ್ಲುವ ಮೊದಲು ಆರಿಸಬೇಕು, ಇರುವೆ ಸಾಲಿರುವ ಜಾಗ ನೋಡಿಕೊಳ್ಳಬೇಕು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಬೀಜ ತೆಗೆದು ಒಣಗಿಸಿದ ಅಂಟುವಾಳದ ಸಿಪ್ಪೆ ಕಾಲು ಕಿಲೋ, ಬಟ್ಟೆ ಸೋಡಾ ಅರ್ಧ ಕಿಲೋ, ಅಡುಗೆ ಸೋಡಾ ನೂರು ಗ್ರಾಂ, ಉಪ್ಪು, ಎರಡು ಲಿಂಬೆಹಣ್ಣು, ಹಳೆಯ ಬಿಳಿ ಧೋತರದ ನಾಲ್ಕು ತುಂಡು, ಒಂದು ಮೆದು ಬ್ರಷ್ಷು. ಇಷ್ಟಿದ್ದರೆ ಒಂದು ಕುಟುಂಬದ ಹಲವು ತಿಂಗಳ ಕಲೆಗಳಿಗೆ ಸಾಕು. ಒಂದು ಜಮಖಾನವನ್ನು ಹೊರಗೆ ಕೊಟ್ಟು ತೊಳೆಸುವ ಖರ್ಚಿಗಿಂತ ಇದರ ಖರ್ಚು ಕಡಿಮೆ.

ಕಲೆ ಹೊಸದಾಗಿದ್ದಷ್ಟೂ ಕೆಲಸ ಸುಲಭ. ಸಂಶಯವಿದ್ದಾಗ ಮೊದಲು ಬರಿ ತಣ್ಣೀರು, ಆಮೇಲೆ ಅಂಟುವಾಳ. ಈ ಎರಡರಿಂದ ಕೆಡುವ ಬಟ್ಟೆ ಅಪರೂಪ. ಸೋಡಾ, ಲಿಂಬೆ, ಪೆರಾಕ್ಸೈಡ್‌ಗಳನ್ನು ಕಲೆಯ ಜಾತಿ ಗೊತ್ತಾದ ಮೇಲೆಯೇ ಕೈಗೆತ್ತಿಕೊಳ್ಳಬೇಕು.